‘ತನ್ನ’ ಎಂದರೆ ಯಾರ? ವಾಕ್ಯದೊಳಗೆ ಒಡೆಯನನ್ನು ಹುಡುಕುವ ಬಗೆ

ಅನುವಾದ ತಿದ್ದುವುದು ನನ್ನ ಕೆಲಸ. ಒಮ್ಮೆ ಒಂದು ಮೊಬೈಲ್ ಆ್ಯಪ್‌ನ ಕನ್ನಡ ಪಠ್ಯ ನನ್ನ ಮುಂದಿತ್ತು. ಮೊದಲ ಪರದೆಯಲ್ಲಿ “ನಿಮ್ಮನ್ನು ಪರಿಚಯಿಸಿ” ಎಂದಿತ್ತು. ಸ್ವಲ್ಪ ಕೆಳಗೆ “ವಂಚಕರಿಂದ ನಿಮ್ಮನ್ನು ರಕ್ಷಿಸಿ” ಎಂದಿತ್ತು. ಓದಿದರೆ ಅರ್ಥ ಆಗುತ್ತದೆ. ಆದರೆ ನಮ್ಮಲ್ಲಿ ಹಾಗೆ ಯಾರೂ ಮಾತಾಡುವುದಿಲ್ಲ. “ನಿಮ್ಮನ್ನು ಪರಿಚಯಿಸಿಕೊಳ್ಳಿ”, “ನಿಮ್ಮನ್ನು ನೀವು ರಕ್ಷಿಸಿಕೊಳ್ಳಿ” ಎನ್ನುತ್ತೇವೆ. ಬಿಟ್ಟುಹೋಗಿದ್ದು ‘ಕೊಳ್ಳಿ’ ಎನ್ನುವ ಎರಡಕ್ಷರ. ಅದನ್ನು ತಿದ್ದಲು ಎರಡು ಸೆಕೆಂಡ್ ಸಾಕಾಯಿತು. ಅದು ಯಾಕೆ ಬೇಕೇ ಬೇಕು ಎಂದು ಅನುವಾದಕರಿಗೆ ಬಿಡಿಸಿ ಹೇಳಲು ಮಾತ್ರ ನನಗೆ ಒಂದು ಸಂಜೆ ಹಿಡಿಯಿತು. ಆ ಸಂಜೆ ಹೇಳಿದ್ದನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ‘ತಾನು, ತಾವು’ ಆತ್ಮಾರ್ಥಕ ಸರ್ವನಾಮ ಎಂದು ಕಲಿತೆವು. ಪಟ್ಟಿ ಬಾಯಿಪಾಠ ಮಾಡಿ ಮುಂದಿನ ಪಾಠಕ್ಕೆ ಹೋದೆವು. ಆದರೆ ನಿಜವಾದ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ. ವಾಕ್ಯದಲ್ಲಿ ಮೂರು ಜನ ಇದ್ದಾರೆ, ‘ತನ್ನ’ ಎಂದರೆ ಅವರಲ್ಲಿ ಯಾರು? ಆ ಸರ್ವನಾಮ ಯಾರತ್ತ ಬೆರಳು ತೋರಿಸುತ್ತದೋ ಆ ಪದವನ್ನು ಭಾಷಾವಿಜ್ಞಾನ ಓದಿದವರು ಆಂಟಿಸಿಡೆಂಟ್ ಎನ್ನುತ್ತಾರೆ. ನಾನು ಸುಮ್ನೆ ‘ಒಡೆಯ’ ಎಂದು ಕರೆಯುತ್ತೇನೆ. ವಾಕ್ಯರಚನೆಯ ಸಿದ್ಧಾಂತದಲ್ಲಿ ಕಳೆದ ಐವತ್ತು ವರ್ಷಗಳಲ್ಲಿ ಅತಿ ಹೆಚ್ಚು ಚರ್ಚೆಯಾದ ವಿಷಯಗಳಲ್ಲಿ ಇದೂ ಒಂದು. ನಮ್ಮ ‘ತಾನು’ ಆ ಚರ್ಚೆಯೊಳಗೆ ಗಟ್ಟಿ ಸಾಕ್ಷಿಯಾಗಿ ನಿಂತಿದೆ.

ಒಂದು ಪೆನ್ಸಿಲ್, ಒಂದು ಹಾಳೆ ಇಟ್ಟುಕೊಳ್ಳಿ. ಉದಾಹರಣೆಗಳನ್ನು ಕಣ್ಣಿನಲ್ಲಿ ಓದಿ ಬಿಡಬೇಡಿ, ಬಾಯಿ ಬಿಟ್ಟು ಹೇಳಿ ನೋಡಿ. ಇಲ್ಲಿ ತೀರ್ಪು ಕೊಡುವುದು ನಿಮ್ಮ ಕಿವಿ.

ಹಂತ 1: ಅದು ನಿಜವಾಗಿ ಆತ್ಮಾರ್ಥಕವೇ, ಮೊದಲು ನೋಡಿ

“ನೀನು ನಾಳೆ ಬರ್ತೀಯ ತಾನೇ?” ಎನ್ನುವಲ್ಲಿ ‘ತಾನೇ’ಗೆ ಒಡೆಯ ಇಲ್ಲ. ಅದು ಖಚಿತ ಮಾಡಿಕೊಳ್ಳಲು ಕೇಳುವ ಬಾಲ, ‘ಅಲ್ವಾ’ ಇದ್ದ ಹಾಗೆ. ಅದನ್ನು ಪಕ್ಕಕ್ಕಿಡಿ.

‘ತಾವು, ತಮ್ಮ’ ಇನ್ನೂ ಜಾಸ್ತಿ ಕಾಡುತ್ತವೆ. ಗೌರವಕ್ಕೆ ಎದುರಿನವರನ್ನೂ ನಾವು ‘ತಾವು’ ಎನ್ನುತ್ತೇವೆ. ಹಾಗಾಗಿ “ಅಧ್ಯಕ್ಷರು ತಮ್ಮ ಪತ್ರವನ್ನು ಓದಿದ್ದಾರೆ” ಎಂದು ಕಚೇರಿಯಿಂದ ಉತ್ತರ ಬಂದರೆ ಎರಡು ಅರ್ಥ. ಅಧ್ಯಕ್ಷರು ಸ್ವತಃ ಬರೆದ ಪತ್ರವೋ, ನೀವು ಬರೆದ ಪತ್ರವೋ? ಇಂಥ ಕಡೆ ‘ನಿಮ್ಮ’ ಎಂದು ಬರೆದರೆ ಗೌರವವೇನೂ ಕಡಿಮೆ ಆಗುವುದಿಲ್ಲ, ಗೊಂದಲ ಮಾತ್ರ ಕಡಿಮೆ ಆಗುತ್ತದೆ.

ಒಡಹುಟ್ಟಿದ ‘ತಮ್ಮ’ನೂ ಇದ್ದಾನೆ. “ಅವರು ತಮ್ಮ ತಮ್ಮನನ್ನು ಕರೆತಂದರು” ಎಂಬ ವಾಕ್ಯದಲ್ಲಿ ಎರಡೂ ಇವೆ. ಈ ಎರಡು ಪದಗಳ ಬೇರು ದೂರದಲ್ಲಿ ಒಂದೇ. ದ್ರಾವಿಡ ಭಾಷೆಗಳ ನೆಂಟಸ್ತಿಕೆಯ ಪದಗಳಲ್ಲಿ ಆತ್ಮಾರ್ಥಕದ ಗುರುತು ಉಳಿದುಕೊಂಡಿದೆ. ಹಳೆಯ ತಮಿಳಿನಲ್ಲಿ ನನ್ನ ತಂದೆ ‘ಎಂದೈ’, ನಿನ್ನ ತಂದೆ ‘ನುಂದೈ’, ಅವನ ತಂದೆ ‘ತಂದೈ’. ನಮಗೆ ಉಳಿದದ್ದು ಮೂರನೆಯದು. ದಿನಾ ‘ನನ್ನ ತಂದೆ’ ಎನ್ನುವಾಗ ಆ ‘ತ’ದಲ್ಲಿ ಒಂದು ಹಳೆಯ ‘ತನ್ನ’ ಅಡಗಿದೆ. ನನಗೆ ಇದು ಗೊತ್ತಾದ ದಿನ ತುಂಬಾ ಹೊತ್ತು ಆ ಪದವನ್ನೇ ಹೇಳಿಕೊಳ್ಳುತ್ತಾ ಕೂತಿದ್ದೆ.

ಹಂತ 2: ಪುರುಷ ಮತ್ತು ವಚನ ಹೊಂದಿಸಿ

ಇದು ಬೇಗ ಮುಗಿಯುತ್ತದೆ. ‘ತಾನು’ ಪ್ರಥಮ ಪುರುಷಕ್ಕೆ ಮಾತ್ರ, ಅಂದರೆ ಅವನು, ಅವಳು, ಅದು. ನಾನು, ನೀನು ಬಂದರೆ ಅದೇ ಸರ್ವನಾಮ ಮರಳಿ ಬರುತ್ತದೆ: “ನಾನು ನನ್ನನ್ನು ಸಮರ್ಥಿಸಿಕೊಂಡೆ”. ಲಿಂಗ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಲತಾ ತನ್ನ ಜಡೆ, ರವಿ ತನ್ನ ಮೀಸೆ, ಹಾವು ತನ್ನ ಪೊರೆ, ಎಲ್ಲಕ್ಕೂ ಒಂದೇ ‘ತನ್ನ’. ಬಹುವಚನ ಅಥವಾ ಗೌರವ ಇದ್ದರೆ ‘ತಮ್ಮ’: “ಹಕ್ಕಿಗಳು ತಮ್ಮ ಗೂಡಿಗೆ ಮರಳಿದವು”, “ಮೇಷ್ಟ್ರು ತಮ್ಮ ಕನ್ನಡಕ ಮರೆತರು”. ವಾಕ್ಯದಲ್ಲಿ ‘ಮೇಷ್ಟ್ರು’ ಮತ್ತು ‘ಹುಡುಗ’ ಇಬ್ಬರೂ ಇದ್ದು ‘ತನ್ನ’ ಬಂದಿದ್ದರೆ, ಒಡೆಯ ಹುಡುಗನೇ. ಈ ಒಂದು ಜರಡಿಯಲ್ಲೇ ಎಷ್ಟೋ ವಾಕ್ಯಗಳು ಬಗೆಹರಿಯುತ್ತವೆ.

ಹಂತ 3: ಹಿಂದೆ ಮುಂದೆ ನೋಡಬೇಡಿ, ಎತ್ತರ ನೋಡಿ

ಸರ್ವನಾಮಕ್ಕಿಂತ ಮುಂಚೆ ಬಂದ ಹೆಸರೇ ಒಡೆಯ ಎಂದು ಅನೇಕರು ಅಂದುಕೊಳ್ಳುತ್ತಾರೆ. ಇದನ್ನು ನೋಡಿ:

ತನ್ನ ಮಗನನ್ನು ಲತಾ ಕರೆದಳು.

‘ತನ್ನ’ ಮೊದಲು ಬಂತು, ಲತಾ ಆಮೇಲೆ. ಆದರೂ ಲತಾಳ ಮಗನೇ. ಈಗ ಇನ್ನೊಂದು:

ರವಿಯ ಅಪ್ಪ ತನ್ನ ಅಂಗಡಿ ಮಾರಿದ.

ರವಿಯ ಹೆಸರು ಮೊದಲೇ ಬಂದಿದೆ. ಆದರೆ ಮಾರಿದ್ದು ರವಿಯ ಅಂಗಡಿಯಲ್ಲ, ಅಪ್ಪನ ಅಂಗಡಿ. ಯಾಕೆ? ಇಲ್ಲಿ ‘ರವಿಯ’ ಎನ್ನುವುದು ‘ಅಪ್ಪ’ ಎಂಬ ಪದದ ಕೋಣೆಯೊಳಗೆ ಕೂತಿದೆ. ಕೋಣೆಯೊಳಗಿರುವವನು ಹೊರಗಿನ ಅಂಗಳಕ್ಕೆ ಒಡೆಯನಾಗಲಾರ. ಇಡೀ ಕೋಣೆಯ ಯಜಮಾನ ಅಪ್ಪ, ಅವನಿಗೆ ಅಂಗಳ ಪೂರ್ತಿ ಕಾಣುತ್ತದೆ.

ಹಾಳೆಯಲ್ಲಿ ಹೀಗೆ ಮಾಡಿ. ಒಟ್ಟಿಗೆ ಸೇರುವ ಪದಗಳ ಸುತ್ತ ಪೆನ್ಸಿಲ್‌ನಲ್ಲಿ ಚೌಕ ಎಳೆಯಿರಿ. ‘ರವಿಯ ಅಪ್ಪ’ ಒಂದು ಚೌಕ. ‘ತನ್ನ ಅಂಗಡಿ’ ಒಂದು ಚೌಕ. ‘ತನ್ನ ಅಂಗಡಿ ಮಾರಿದ’ ಅದಕ್ಕಿಂತ ದೊಡ್ಡ ಚೌಕ. ಈಗ ಒಡೆಯ ಆಗಬಹುದು ಅನಿಸುವ ಪದವನ್ನು ಹಿಡಿದು ಒಂದೇ ಒಂದು ಮೆಟ್ಟಿಲು ಹೊರಗೆ ಬನ್ನಿ. ಅಲ್ಲಿಂದ ‘ತನ್ನ’ ಕಾಣುತ್ತದೆಯೇ? ‘ರವಿ’ಯಿಂದ ಒಂದು ಮೆಟ್ಟಿಲು ಬಂದರೆ ಇನ್ನೂ ‘ರವಿಯ ಅಪ್ಪ’ ಚೌಕದೊಳಗೇ ಇದ್ದೀರಿ, ‘ತನ್ನ’ ಕಾಣುವುದಿಲ್ಲ. ‘ರವಿಯ ಅಪ್ಪ’ ಎಂಬ ಇಡೀ ಚೌಕದಿಂದ ಒಂದು ಮೆಟ್ಟಿಲು ಬಂದರೆ ಪೂರ್ತಿ ವಾಕ್ಯ ಕಾಣುತ್ತದೆ. ಈ ಸಂಬಂಧಕ್ಕೆ ಸಿ-ಕಮಾಂಡ್ ಎಂದು ಹೆಸರು. ಭಾಷಾವಿಜ್ಞಾನಿ ತಾನ್ಯಾ ರೈನ್‌ಹಾರ್ಟ್ 1976ರಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದನ್ನು ವಿವರವಾಗಿ ಬೆಳೆಸಿದರು. ಹೆಸರು ಭಯ ಹುಟ್ಟಿಸುತ್ತದೆ, ಆದರೆ ಪೆನ್ಸಿಲ್ ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ.

ಹಂತ 4: ಕರ್ತೃವನ್ನು ಹಿಡಿಯಿರಿ

ಲತಾ ಗೀತಾಗೆ ತನ್ನ ಫೋಟೋ ತೋರಿಸಿದಳು.

ಯಾರ ಫೋಟೋ? ಲತಾಳದ್ದು. ಗೀತಾಳ ಫೋಟೋ ಆಗಿದ್ದರೆ “ಅವಳ ಫೋಟೋ” ಎನ್ನುತ್ತಿದ್ದೆವು. ‘ತಾನು’ ಕರ್ತೃವಿನ ಕಡೆಗೇ ವಾಲುತ್ತದೆ. ಇಂಗ್ಲಿಷ್‌ನ ‘ಹರ್‌ಸೆಲ್ಫ್’ಗೆ ಈ ಹಟ ಇಲ್ಲ. ಅಲ್ಲಿ ಕರ್ಮವೂ ಒಡೆಯ ಆಗಬಹುದು. ಇಂಗ್ಲಿಷ್‌ನಿಂದ ಅನುವಾದ ಮಾಡುವವರು ಇಲ್ಲಿ ಎಡವುವುದು ಸಹಜ.

ಆದರೆ ಕರ್ತೃ ಎಂದ ಕೂಡಲೇ ಪ್ರಥಮಾ ವಿಭಕ್ತಿ ಹುಡುಕಬೇಡಿ. ಕನ್ನಡದಲ್ಲಿ ಅನುಭವಿಸುವವರು ‘ಗೆ, ಇಗೆ’ ಹಾಕಿಕೊಂಡು ಬರುತ್ತಾರೆ. “ರವಿಗೆ ತನ್ನ ಊರು ಇಷ್ಟ.” “ಲತಾಗೆ ತನ್ನ ಮೇಲೇ ಸಿಟ್ಟು ಬಂತು.” ಇಲ್ಲಿ ರವಿ, ಲತಾ ಇಬ್ಬರೂ ಚತುರ್ಥಿಯಲ್ಲಿದ್ದರೂ ಒಡೆಯರೇ. ಮೇಲಿನ ವಾಕ್ಯದ ‘ಗೀತಾಗೆ’ ಕೂಡ ಚತುರ್ಥಿಯೇ, ಆದರೆ ಅವಳು ಒಡೆಯಳಲ್ಲ. ಗೀತಾ ಬರೀ ಪಡೆಯುವವಳು, ಲತಾ ಅನುಭವಿಸುವವಳು. ಪ್ರತ್ಯಯ ಒಂದೇ ಆದರೂ ವಾಕ್ಯದಲ್ಲಿ ಇಬ್ಬರ ಜಾಗ ಬೇರೆ. ‘ತನ್ನ’ ಎಂಬ ಪದವನ್ನೇ ಅಳತೆಗೋಲಿನಂತೆ ಬಳಸಿ ಯಾವ ಚತುರ್ಥಿ ಕರ್ತೃವಿನಂತೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಕಂಡುಹಿಡಿಯಬಹುದು. ವಾಕ್ಯಶಾಸ್ತ್ರ ಓದುವವರು ಇದನ್ನು ಒಂದು ಪರೀಕ್ಷೆಯಾಗಿಯೇ ಬಳಸುತ್ತಾರೆ.

ಹಂತ 5: ಕ್ರಿಯಾಪದದ ಬಾಲ ನೋಡಿ

ಈ ಲೇಖನದಲ್ಲಿ ಒಂದೇ ಭಾಗ ಓದಲು ಸಮಯ ಇದ್ದರೆ ಇದನ್ನು ಓದಿ. ಎರಡು ವಾಕ್ಯ ಕೊಡುತ್ತೇನೆ. ನಿಧಾನವಾಗಿ, ಗಟ್ಟಿಯಾಗಿ ಹೇಳಿ.

ಸುರೇಶ ತನ್ನನ್ನು ಹೊಗಳಿದ ಎಂದು ರವಿ ಹೇಳಿದ.
ಸುರೇಶ ತನ್ನನ್ನು ಹೊಗಳಿಕೊಂಡ ಎಂದು ರವಿ ಹೇಳಿದ.

ಮೊದಲನೆಯದರಲ್ಲಿ ಹೊಗಳಿಕೆ ಸಿಕ್ಕಿದ್ದು ರವಿಗೆ. ಎರಡನೆಯದರಲ್ಲಿ ಸುರೇಶನಿಗೆ. ಹೆಸರುಗಳು ಅವೇ, ಸರ್ವನಾಮ ಅದೇ, ಪದಗಳ ಸಾಲೂ ಅದೇ. ಬದಲಾಗಿದ್ದು ಕ್ರಿಯಾಪದದ ಕೊನೆಯ ‘ಕೊಂಡ’ ಮಾತ್ರ. ಅಷ್ಟರಿಂದಲೇ ಒಡೆಯ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದ.

ಇದು ಯಾಕೆ ದೊಡ್ಡ ವಿಷಯ ಅಂದರೆ, 1981ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಬೈಂಡಿಂಗ್ ಥಿಯರಿ ಎಂಬ ಮೂರು ನಿಯಮಗಳನ್ನು ಮುಂದಿಟ್ಟರು. ಮೊದಲನೆಯದು, ಇಂಗ್ಲಿಷ್‌ನ ‘ಹಿಮ್‌ಸೆಲ್ಫ್’ನಂಥ ಪದಕ್ಕೆ ಒಡೆಯ ಹತ್ತಿರದ ಆವರಣದಲ್ಲೇ ಸಿಗಬೇಕು. ಎರಡನೆಯದು, ‘ಹಿಮ್’ನಂಥ ಸಾದಾ ಸರ್ವನಾಮಕ್ಕೆ ಆ ಆವರಣದಲ್ಲಿ ಒಡೆಯ ಇರಬಾರದು. ಮೂರನೆಯದು, ಹೆಸರಿಗೆ ಮೇಲೆಲ್ಲೂ ಒಡೆಯ ಇರಬಾರದು. “ಅವನು ರವಿಯನ್ನು ಹೊಗಳಿದ” ಎಂದಾಗ ‘ಅವನು’ ರವಿ ಆಗಲಾರ, ಅಲ್ವಾ, ಹಾಗೆ. ಆವರಣ ಎಂದರೆ ಸುಮಾರಾಗಿ ತನ್ನದೇ ಕರ್ತೃ, ಕ್ರಿಯಾಪದ ಇರುವ ಉಪವಾಕ್ಯ.

ಈಗ ‘ತನ್ನನ್ನು’ ಯಾವ ಡಬ್ಬಿಗೆ ಹೋಗುತ್ತದೆ? ‘ಕೊಂಡ’ ಇದ್ದಾಗ ಮೊದಲ ನಿಯಮ ಪಾಲಿಸುತ್ತದೆ, ಹತ್ತಿರದ ಒಡೆಯನೇ ಬೇಕು. ‘ಕೊಂಡ’ ಇಲ್ಲದಾಗ ಹತ್ತಿರದ ಒಡೆಯನನ್ನು ಒಲ್ಲೆ ಎನ್ನುತ್ತದೆ, ಎರಡನೆಯ ನಿಯಮದ ಹಾಗೆ. ಆದರೆ ‘ಅವನನ್ನು’ ಇದ್ದಂತೆ ಬೀದಿಯಲ್ಲಿ ಹೋಗುವ ಯಾರನ್ನೋ ತೋರಿಸಲೂ ಅದಕ್ಕೆ ಬರುವುದಿಲ್ಲ. ಮೇಲೆ ಎಲ್ಲೋ ಒಬ್ಬ ಒಡೆಯ ಇರಲೇಬೇಕು. “ರವಿ ತನ್ನನ್ನು ಹೊಡೆದ” ಎಂದಷ್ಟೇ ಹೇಳಿ ನಿಲ್ಲಿಸಿ ನೋಡಿ. ಕೇಳಿದವರು “ಯಾರನ್ನ?” ಅನ್ನುತ್ತಾರೆ. “ರವಿ ತನ್ನನ್ನು ಹೊಡೆದುಕೊಂಡ” ಎಂದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಇಂಗ್ಲಿಷ್ ನೋಡಿ ಮಾಡಿದ ಡಬ್ಬಿಗಳಲ್ಲಿ ‘ತಾನು’ ನೇರವಾಗಿ ಕೂರುವುದಿಲ್ಲ. ಅದು ನಮ್ಮ ಭಾಷೆಯ ದೋಷ ಅಲ್ಲ. ಡಬ್ಬಿಗಳನ್ನು ಮತ್ತೆ ಅಳೆಯಬೇಕು ಅಷ್ಟೇ. ಚೀನೀ ಭಾಷೆಯ ‘ಜೀಜಿ’, ಜಪಾನಿಯ ‘ಜಿಬುನ್’, ಐಸ್‌ಲ್ಯಾಂಡಿಕ್‌ನ ‘ಸಿಗ್’ ಕೂಡ ಹೀಗೆ ದೂರದ ಒಡೆಯರನ್ನು ಹುಡುಕಿಕೊಂಡು ಹೋಗುತ್ತವೆ.

ಕನ್ನಡದ ಈ ನಡೆಯ ಬಗ್ಗೆ ಆರ್. ಅಮೃತವಲ್ಲಿ 1984ರಲ್ಲೇ ಬರೆದಿದ್ದರು. ಆಮೇಲೆ ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ ಕನ್ನಡದ್ದೇ ಉದಾಹರಣೆಗಳನ್ನು ಇಟ್ಟುಕೊಂಡು 1995ರಿಂದ ಸಾಲಾಗಿ ಲೇಖನ ಬರೆದರು.

ಹತ್ತಿರದ ಒಡೆಯನನ್ನು ಹಿಡಿಯಲು ಕನ್ನಡಕ್ಕೆ ಇನ್ನೊಂದು ದಾರಿಯೂ ಇದೆ: ಜೋಡಿ ರೂಪ. “ರವಿ ತನ್ನನ್ನು ತಾನೇ ಹೊಡೆದ.” ಇಲ್ಲಿ ‘ಕೊಂಡ’ ಇಲ್ಲದಿದ್ದರೂ ಏಟು ರವಿಗೇ. ಒಂಟಿ ಪದ ದೂರ ಹೋಗಬಲ್ಲದು, ಜೋಡಿ ಪದ ಹತ್ತಿರವೇ ಉಳಿಯುತ್ತದೆ. ಇದು ಕನ್ನಡಕ್ಕಷ್ಟೇ ಅಲ್ಲ, ಬೇರೆ ಎಷ್ಟೋ ಭಾಷೆಗಳಲ್ಲೂ ಹೀಗೇ ಎಂದು ಪಿಯರ್ ಪೀಕಾ 1987ರಲ್ಲಿ ತೋರಿಸಿದ್ದರು.

ಹಾಗಾದರೆ ಬಾಲಕ್ಕೂ ಜೋಡಿಗೂ ವ್ಯತ್ಯಾಸ ಇಲ್ಲವೇ? ಇದೆ, ಬಹಳ ಸೂಕ್ಷ್ಮವಾಗಿದೆ. ಮೇಣದ ಪ್ರತಿಮೆಗಳ ಮ್ಯೂಸಿಯಂಗೆ ಒಬ್ಬ ನಟ ಹೋಗಿದ್ದಾನೆ ಅಂದುಕೊಳ್ಳಿ. ಅಲ್ಲಿ ಅವನದೇ ಪ್ರತಿಮೆ ಇದೆ. ಅವನು ಅದರ ಮುಂದೆ ನಿಂತು ನೋಡುತ್ತಿದ್ದಾನೆ. “ನಟ ತನ್ನನ್ನು ತಾನೇ ನೋಡಿದ” ಎನ್ನಬಹುದು, ಒಪ್ಪುತ್ತದೆ. “ನಟ ತನ್ನನ್ನು ನೋಡಿಕೊಂಡ” ಎಂದರೆ? ಈಗ ಅವನು ಪ್ರತಿಮೆ ನೋಡುತ್ತಿಲ್ಲ. ಕನ್ನಡಿಯಲ್ಲಿ ತನ್ನ ಮೈಯನ್ನೇ ನೋಡುತ್ತಿದ್ದಾನೆ. ಮ್ಯೂಸಿಯಂನ ಈ ಪ್ರಶ್ನೆಯನ್ನು ಇಂಗ್ಲಿಷ್‌ಗೆ ಮೊದಲು ಕೇಳಿದವರು ರೇ ಜಾಕೆಂಡಾಫ್, 1992ರಲ್ಲಿ. ಲಿಡ್ಜ್ 2001ರಲ್ಲಿ ಅದನ್ನು ಕನ್ನಡಕ್ಕೆ ಕೇಳಿದರು. ಕನ್ನಡದಲ್ಲಿ ಉತ್ತರ ಎರಡು ಬೇರೆ ರೂಪಗಳಲ್ಲಿ ಸ್ಪಷ್ಟವಾಗಿ ಒಡೆದು ಕಂಡಿತು. ‘ಕೊಳ್ಳು’ ಬಂದರೆ ಮಾಡುವವನೂ ಮಾಡಿಸಿಕೊಳ್ಳುವವನೂ ನಿಜವಾಗಿ ಒಬ್ಬನೇ ಆಗಬೇಕು. ಜೋಡಿ ರೂಪಕ್ಕೆ ಅವನ ಪ್ರತಿರೂಪ ಇದ್ದರೂ ಸಾಕು.

ಈ ಹಂತದಲ್ಲಿ ಎರಡು ಎಚ್ಚರಿಕೆ ಬೇಕು. ‘ಕೊಳ್ಳು’ ಎಲ್ಲಾ ಕಡೆ ಆತ್ಮಾರ್ಥಕ ಅಲ್ಲ. “ಬಾಗಿಲು ಮುಚ್ಚಿಕೊಂಡಿತು” ಎಂದರೆ ಯಾರೂ ಮುಚ್ಚದೆ ಮುಚ್ಚಿತು ಅಂತ. “ಹಾಡಿಕೊಂಡು ಬಂದ” ಎಂದರೆ ಹಾಡುತ್ತಾ ಬಂದ. ‘ಕುಳಿತುಕೊ’, ‘ಮಲಗಿಕೊ’ ಎನ್ನುವಲ್ಲಿ ಅದು ಧಾತುವಿಗೇ ಅಂಟಿಹೋಗಿದೆ. ಇನ್ನೊಂದು, ಈ ಹಟವೆಲ್ಲ ಒಂದೇ ಕ್ರಿಯೆಯ ನೇರ ಪಾಲುದಾರರ ನಡುವೆ, ಅಂದರೆ ಹೊಡೆದವನು ಮತ್ತು ಹೊಡೆಸಿಕೊಂಡವನ ನಡುವೆ ಮಾತ್ರ. ‘ತನ್ನ ಮನೆ’, ‘ತನ್ನ ಮಗ’ ಎನ್ನುವಾಗ ಬಾಲ ಬೇಕಿಲ್ಲ. “ರವಿ ತನ್ನ ಮಗನನ್ನು ಹೊಗಳಿದ” ಸರಿಯಾಗೇ ಇದೆ.

ಹಂತ 6: ಯಾರ ಮನಸ್ಸಿನೊಳಗಿದ್ದೇವೆ?

ದೂರದ ಒಡೆಯನನ್ನು ಹುಡುಕುವಾಗ ವಾಕ್ಯದಲ್ಲಿ ಎತ್ತರದ ಜಾಗ ಒಂದನ್ನೇ ನೋಡಿದರೆ ಸಾಲದು. ಎರಡು ವಾಕ್ಯ ಹೋಲಿಸಿ.

ಮಳೆಗೆ ತನ್ನ ಮನೆ ಕುಸಿಯಿತು ಎಂದು ರವಿ ಅತ್ತ.
ರವಿ ಊರಲ್ಲಿ ಇಲ್ಲದಾಗ ತನ್ನ ಮನೆ ಕುಸಿಯಿತು.

ಮೊದಲನೆಯದು ಸರಾಗ. ಎರಡನೆಯದರಲ್ಲಿ ‘ಅವನ ಮನೆ’ ಎನ್ನಬೇಕಿತ್ತು ಅನಿಸುತ್ತದೆ. ಮೊದಲ ವಾಕ್ಯದಲ್ಲಿ ಮನೆ ಕುಸಿದ ಸುದ್ದಿ ರವಿಯ ಬಾಯಿಂದ, ರವಿಯ ಮನಸ್ಸಿನಿಂದ ಬರುತ್ತಿದೆ. ಎರಡನೆಯದರಲ್ಲಿ ರವಿ ‘ಊರಲ್ಲಿ ಇಲ್ಲದಾಗ’ ಎಂಬ ಚೌಕದೊಳಗೇ ಉಳಿದಿದ್ದಾನೆ, ಅದರ ಜೊತೆಗೆ ಹೇಳುತ್ತಿರುವವರು ನಾವು, ರವಿಗೆ ಇನ್ನೂ ಸುದ್ದಿಯೇ ಗೊತ್ತಿಲ್ಲದಿರಬಹುದು. ‘ತಾನು’ಗೆ ಮಾತಾಡುವವರು, ಯೋಚಿಸುವವರು, ಅನುಭವಿಸುವವರು ಬೇಕು. ಆಫ್ರಿಕಾದ ಕೆಲವು ಭಾಷೆಗಳಲ್ಲಿ ಇಂಥ ಕೆಲಸಕ್ಕೇ ಬೇರೆ ಸರ್ವನಾಮಗಳಿವೆ. ಕ್ಲಾಡ್ ಹಗೇಜ್ 1974ರಲ್ಲಿ ಅವನ್ನು ಲೋಗೋಫೋರಿಕ್ ಎಂದು ಕರೆದರು. ಘಾನಾ, ಟೋಗೋ ಕಡೆಯ ಎವೆ ಭಾಷೆ ಅದಕ್ಕೆ ಹೆಸರಾದ ಉದಾಹರಣೆ. ನಮ್ಮಲ್ಲಿ ಆ ಕೆಲಸವನ್ನೂ ‘ತಾನು’ ಮಾಡುತ್ತದೆ.

ಒಂದು ಚಿತ್ರ ಕೊಡುತ್ತೇನೆ. ಅಟ್ಟದಿಂದ ಹಳೆಯ ಗ್ರೂಪ್ ಫೋಟೋ ತೆಗೆದು ಅಜ್ಜನ ಕೈಗೆ ಕೊಟ್ಟಿದ್ದೀರಿ. ಅಂಚು ಮಡಚಿದ, ಹಳದಿಯಾದ ಶಾಲೆಯ ಫೋಟೋ. ಅಜ್ಜ ಕನ್ನಡಕ ಸರಿಮಾಡಿಕೊಂಡು ಎರಡನೇ ಸಾಲಿನ ಹುಡುಗನೊಬ್ಬನ ಮೇಲೆ ಬೆರಳಿಟ್ಟು, “ಈ ಹುಡುಗ ತುಂಬಾ ಚೂಟಿ ಇದ್ದಾನೆ” ಎನ್ನುತ್ತಾರೆ. ಆ ಹುಡುಗ ಅವರೇ. ಅವರಿಗೆ ಗುರುತು ಸಿಕ್ಕಿಲ್ಲ. ಈಗ ಇದನ್ನು ಅಮ್ಮನಿಗೆ ಹೇಳಬೇಕು. “ಅಜ್ಜ ತಾವು ಚೂಟಿ ಇದ್ದೆವು ಎಂದರು” ಎಂದರೆ ಸುಳ್ಳಾಗುತ್ತದೆ. ಅಜ್ಜ ಹೇಳಿದ್ದು ತಮ್ಮ ಬಗ್ಗೆಯೇ ಆದರೂ, ತಮ್ಮ ಬಗ್ಗೆ ಎಂದು ತಿಳಿದು ಹೇಳಿದ್ದಲ್ಲ. ‘ತಾನು’ ಬರಬೇಕಾದರೆ ‘ಇದು ನಾನೇ’ ಎಂಬ ಅರಿವು ಒಡೆಯನಿಗೆ ಇರಬೇಕು. ತತ್ವಶಾಸ್ತ್ರಜ್ಞ ಜಾನ್ ಪೆರಿ 1979ರಲ್ಲಿ ಇದೇ ಬಗೆಯ ಕಥೆ ಹೇಳಿದ್ದರು. ಅಂಗಡಿಯ ನೆಲದ ಮೇಲೆ ಸಕ್ಕರೆಯ ಗೆರೆ ನೋಡಿ, ಯಾರ ಚೀಲ ಹರಿದಿದೆ ಎಂದು ಗಾಡಿ ತಳ್ಳುತ್ತಾ ಸುತ್ತುತ್ತಾರೆ. ಕೊನೆಗೆ ಹರಿದದ್ದು ತಮ್ಮ ಗಾಡಿಯ ಚೀಲವೇ ಎಂದು ಗೊತ್ತಾಗುತ್ತದೆ. ಆ ಗೊತ್ತಾಗುವ ಕ್ಷಣದ ಮುಂಚೆ ಕನ್ನಡದಲ್ಲಿ ‘ತನ್ನ ಚೀಲ ಹರಿದಿದೆ ಎಂದುಕೊಂಡ’ ಎನ್ನಲು ಆಗುವುದಿಲ್ಲ. ಆಮೇಲೆ ಆಗುತ್ತದೆ.

ಈ ‘ನಾನೇ’ ಎಂಬ ಅರಿವು ಕ್ರಿಯಾಪದದ ಮೇಲೂ ಕಾಣುತ್ತದೆ. “ರವಿ ತಾನು ಬರುತ್ತೇನೆ ಎಂದು ಹೇಳಿದ.” ‘ತಾನು’ ಪ್ರಥಮ ಪುರುಷ, ‘ಬರುತ್ತೇನೆ’ ಉತ್ತಮ ಪುರುಷ. ಎರಡೂ ಒಟ್ಟಿಗೆ ಕೂತಿವೆ, ಯಾರಿಗೂ ತಪ್ಪೆನಿಸುವುದಿಲ್ಲ. “ತಾನು ಬರುತ್ತಾನೆ ಎಂದು ಹೇಳಿದ” ಎಂದರೇ ನನ್ನ ಕಿವಿ ಒಪ್ಪುವುದಿಲ್ಲ. ತಿದ್ದುವಾಗ ‘ಬರುತ್ತೇನೆ’ಯನ್ನು ‘ಬರುತ್ತಾನೆ’ ಮಾಡಬೇಡಿ. ಬರಹಕ್ಕೆ ಬೇಕಿದ್ದರೆ ‘ತಾನು ಬರುವುದಾಗಿ ಹೇಳಿದ’ ಎನ್ನಿ.

ಕಥೆಗಳಲ್ಲಂತೂ ಒಡೆಯ ಅದೇ ವಾಕ್ಯದಲ್ಲಿ ಇರಲೇಬೇಕು ಎಂದೂ ಇಲ್ಲ. “ರವಿ ಬಾಗಿಲ ಬಳಿ ನಿಂತ. ಅಪ್ಪ ತನ್ನನ್ನು ನೋಡಲೇ ಇಲ್ಲ. ಯಾಕೆ ಹೀಗೆ?” ಎರಡನೇ ವಾಕ್ಯದ ‘ತನ್ನನ್ನು’ ರವಿ. ನಾವು ಅವನ ತಲೆಯೊಳಗೆ ಹೊಕ್ಕಿದ್ದೇವೆ, ಅಷ್ಟೇ ಸಾಕಾಯಿತು. ‘ಅವನನ್ನು’ ಎಂದು ಬದಲಿಸಿ ನೋಡಿ. ನಾವು ಬಾಗಿಲಾಚೆ ನಿಂತು ಇಬ್ಬರನ್ನೂ ದೂರದಿಂದ ನೋಡಿದಂತಾಗುತ್ತದೆ. ಕಥೆ ಬರೆಯುವವರ ಕೈಯಲ್ಲಿ ಇದೊಂದು ಒಳ್ಳೆಯ ಉಪಕರಣ.

ಹಂತ 7: ಇಬ್ಬರೂ ಒಪ್ಪಿದರೆ?

ಇಷ್ಟೆಲ್ಲ ನೋಡಿದ ಮೇಲೂ ಕೆಲವು ವಾಕ್ಯ ಎರಡು ಕಡೆ ವಾಲುತ್ತವೆ. “ಸುರೇಶ ತನ್ನ ಮನೆಗೆ ಹೋದ ಎಂದು ರವಿ ಹೇಳಿದ.” ಮನೆ ಸುರೇಶನದೂ ಆಗಬಹುದು, ರವಿಯದೂ ಆಗಬಹುದು. ಹೊಗಳಿಕೆಯ ವಾಕ್ಯದಲ್ಲಿ ನೆರವಾದ ಬಾಲ ಇಲ್ಲಿ ಇಲ್ಲ. ಆಗ ಸುತ್ತಲಿನ ಪದ ನೋಡಿ. ‘ಹೋದ’ವನ್ನು ‘ಬಂದ’ ಮಾಡಿದರೆ ಮನೆ ರವಿಯ ಕಡೆ ವಾಲುತ್ತದೆ. ‘ಬಂದ’ ಎನ್ನುವುದು ಹೇಳುವವನು ನಿಂತ ಜಾಗದ ಕಡೆಗಿನ ಚಲನೆ, ‘ತನ್ನ’ ಕೂಡ ಹೇಳುವವನ ಮನಸ್ಸಿನ ಕಡೆ ಎಳೆಯುತ್ತದೆ. ಎರಡೂ ಒಂದೇ ದಿಕ್ಕಿಗೆ ಸೇರಿಕೊಳ್ಳುತ್ತವೆ.

ಇನ್ನೊಂದು ಮಾತು. ಆಡುಮಾತಿನಲ್ಲಿ ಎಷ್ಟೋ ಜನ ‘ತನ್ನ’ ಬಳಸುವುದೇ ಕಡಿಮೆ. “ಅವನು ಅವನ ಮನೆಗೆ ಹೋದ”, “ಅವನ ಪಾಡಿಗೆ ಅವನು ಇದ್ದ”, “ಅವರವರ ಕೆಲಸ ಅವರು ನೋಡಿಕೊಳ್ಳಲಿ” ಎನ್ನುವುದೇ ಹೆಚ್ಚು. ಇದನ್ನು ತಪ್ಪು ಎನ್ನಬೇಡಿ. ಅಲ್ಲಿಯೂ ಒಂದು ಪದವನ್ನು ಎರಡು ಸಲ ಹೇಳಿ ಹತ್ತಿರದ ಒಡೆಯನನ್ನು ಕಟ್ಟುವ ಉಪಾಯವೇ ಕೆಲಸ ಮಾಡುತ್ತಿದೆ, ‘ತನ್ನನ್ನು ತಾನೇ’ ಇದ್ದಂತೆ. ನಿಮ್ಮ ಊರಿನ ಕಿವಿ ಬೇರೆ ಹೇಳಿದರೆ ಅದನ್ನೇ ಬರೆದಿಟ್ಟುಕೊಳ್ಳಿ, ನನ್ನ ತೀರ್ಪಿಗೆ ಹೊಂದಿಸಲು ಹೋಗಬೇಡಿ.

ಗುಂಪಿನ ವಾಕ್ಯಗಳಿಗೆ ಒಂದು ಸುಲಭ ಪರೀಕ್ಷೆ ಇದೆ. “ರವಿ ತನ್ನ ಅಮ್ಮನಿಗೆ ಫೋನ್ ಮಾಡಿದ, ಸುರೇಶನೂ ಅಷ್ಟೇ.” ಸುರೇಶ ಯಾರ ಅಮ್ಮನಿಗೆ ಮಾಡಿದ? ತನ್ನ ಅಮ್ಮನಿಗೇ. ‘ತನ್ನ’ ಬದಲು ‘ಅವನ’ ಹಾಕಿದರೆ ಇಬ್ಬರೂ ಒಬ್ಬಳೇ ತಾಯಿಗೆ ಫೋನ್ ಮಾಡಿರಬಹುದು. ‘ತನ್ನ’ ಒಬ್ಬ ನಿರ್ದಿಷ್ಟ ಮನುಷ್ಯನ ಹೆಸರಿಗೆ ಬದಲಾಗಿ ಬಂದ ಪದ ಅಲ್ಲ, ಯಾರು ಕರ್ತೃವಿನ ಜಾಗದಲ್ಲಿ ಕೂತರೋ ಅವರಿಗೆ ಹೊಂದಿಕೊಳ್ಳುವ ಖಾಲಿ ಜಾಗ. “ಪ್ರತಿಯೊಬ್ಬನೂ ತನ್ನ ತಾಯಿಯನ್ನು ನೆನೆಸಿಕೊಂಡ” ಎಂದರೆ ತಾಯಂದಿರು ಎಷ್ಟೋ. ಬಹುವಚನದಲ್ಲಿ ಹಾಗೆ ಬಿಡಿಬಿಡಿಯಾಗಿ ಹೇಳಬೇಕಾದರೆ ಪದವನ್ನೇ ಇಮ್ಮಡಿ ಮಾಡುತ್ತೇವೆ: “ಮಕ್ಕಳು ತಮ್ಮ ತಮ್ಮ ಬ್ಯಾಗ್ ತಂದರು.”

ಹಂತ 8: ತಿದ್ದಿ ಬರೆಯಿರಿ

ಒಡೆಯ ಯಾರು ಎಂದು ಗೊತ್ತಾದ ಮೇಲೆ ಓದುಗನಿಗೂ ಅದು ಒಂದೇ ಓದಿಗೆ ಗೊತ್ತಾಗಬೇಕು. ಅಪರಾಧ ಸುದ್ದಿ, ದೂರಿನ ಪ್ರತಿ, ಕಚೇರಿ ಪತ್ರಗಳಲ್ಲಿ ಇದು ಸಣ್ಣ ವಿಷಯ ಅಲ್ಲ. ಯಾರ ಹಣ, ಯಾರ ಜಮೀನು ಎನ್ನುವುದು ಒಂದು ‘ತನ್ನ’ದ ಮೇಲೆ ನಿಂತಿರುತ್ತದೆ. “ಸುರೇಶ ತನ್ನ ಜಮೀನನ್ನು ಮಾರಿದ್ದಾನೆ ಎಂದು ರವಿ ದೂರು ಕೊಟ್ಟಿದ್ದಾನೆ” ಎಂದು ಬರೆದರೆ ಜಮೀನು ಯಾರದು? ದೂರು ಎಂಬ ಪದದಿಂದ ರವಿಯದು ಇರಬೇಕು ಎಂದು ಊಹಿಸಬಹುದು. ಊಹೆಗೆ ಬಿಡಬೇಡಿ. “ರವಿಗೆ ಸೇರಿದ ಜಮೀನನ್ನು ಸುರೇಶ ಮಾರಿದ್ದಾನೆ ಎಂದು ದೂರು ದಾಖಲಾಗಿದೆ” ಎಂದು ಹೆಸರನ್ನೇ ಹಾಕಿ.

ಅನುವಾದದಲ್ಲಿ ‘ಹಿಮ್‌ಸೆಲ್ಫ್’, ‘ಯುವರ್‌ಸೆಲ್ಫ್’ ಕಂಡ ಕೂಡಲೇ ‘ತನ್ನನ್ನು’, ‘ನಿಮ್ಮನ್ನು’ ಎಂದು ಬರೆದು ಮುಂದೆ ಹೋಗಬೇಡಿ. ಇಂಗ್ಲಿಷ್‌ನಲ್ಲಿ ಕೆಲಸ ಪೂರ್ತಿ ಸರ್ವನಾಮದ್ದು. ಕನ್ನಡದಲ್ಲಿ ಅರ್ಧ ಕೆಲಸ ಕ್ರಿಯಾಪದದ್ದು. ಎಷ್ಟೋ ಸಲ ಸರ್ವನಾಮವೇ ಬೇಕಿಲ್ಲ. “ಕೈ ತೊಳೆದುಕೊಳ್ಳಿ”, “ತಲೆ ಬಾಚಿಕೊಂಡಳು”, “ಅನ್ನ ಬಡಿಸಿಕೊ” ಎಂದರೆ ಯಾರ ಕೈ, ಯಾರ ತಲೆ, ಯಾರ ತಟ್ಟೆ ಎಂದು ಯಾರೂ ಕೇಳುವುದಿಲ್ಲ. ‘ಕೊ’ ತೆಗೆದು “ಅನ್ನ ಬಡಿಸು” ಎನ್ನಿ, ತಟ್ಟೆ ತಕ್ಷಣ ಬೇರೆಯವರದಾಗುತ್ತದೆ.

ಕೊನೆಗೆ ಅಭ್ಯಾಸಕ್ಕೆ ನಮ್ಮ ಬಾಯಲ್ಲಿ ದಿನಾ ಓಡಾಡುವ ಒಂದು ಮಾತು ತೆಗೆದುಕೊಳ್ಳಿ: “ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡ.” ಇಲ್ಲಿ ‘ತನ್ನ’ ಇದೆ, ‘ತಾನೇ’ ಇದೆ, ‘ಕೊಂಡ’ ಇದೆ, ಆದರೆ ಒಡೆಯನ ಹೆಸರಿಲ್ಲ. ‘ಸುರೇಶ’ ಎಂದು ಮುಂದೆ ಸೇರಿಸಿ. ಆಮೇಲೆ ಇಡೀ ವಾಕ್ಯವನ್ನು “ಎಂದು ರವಿ ಹೇಳಿದ” ಎಂಬುದರೊಳಗೆ ಕೂರಿಸಿ. ಈಗ ‘ತಾನೇ’ ಮತ್ತು ‘ಕೊಂಡ’ಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ. ಪ್ರತಿ ಸಲವೂ ಗಟ್ಟಿಯಾಗಿ ಓದಿ, ಕಲ್ಲು ಯಾರ ಕಾಲ ಮೇಲೆ ಬಿತ್ತು ಎಂದು ಹಾಳೆಯಲ್ಲಿ ಬರೆಯಿರಿ. “ಸುರೇಶ ತನ್ನ ಕಾಲ ಮೇಲೆ ಕಲ್ಲು ಎತ್ತಿ ಹಾಕಿದ ಎಂದು ರವಿ ಹೇಳಿದ” ಎನ್ನುವಲ್ಲಿಗೆ ಬರುವಷ್ಟರಲ್ಲಿ ನೋವು ರವಿಯ ಕಡೆಗೇ ವಾಲಿರುತ್ತದೆ.